ತೋಟದ ರಾಸ್ಪ್‌ಬೆರಿ ಪೈ ಮಲಗಿದಾಗ: ಫೋನಿನ ಆಚೆ ಇರುವವರ ಕೈಯಿಂದ ಎಬ್ಬಿಸುವ ಬಗೆ

ನಮ್ಮ ದ್ರಾಕ್ಷಿ ತೋಟ ಇರುವುದು ತಿಕೋಟಾದ ಬಳಿ, ನಾನಿರುವುದು ವಿಜಯಪುರದಲ್ಲಿ. ನಡುವೆ ಅಥಣಿ ರಸ್ತೆಯ ಸುಮಾರು 20 ಕಿ.ಮೀ. ತೋಟದ ಪಂಪ್‌ಶೆಡ್ಡಿನಲ್ಲಿ ರಾಸ್ಪ್‌ಬೆರಿ ಪೈ 4 ಎಂಬ, ಒಂದೇ ಬೋರ್ಡಿನ ಪುಟ್ಟ ಗಣಕ ಕುಳಿತಿದೆ. ಎಲೆಯ ತೇವ, ಗಾಳಿಯ ಉಷ್ಣಾಂಶ, ಆರ್ದ್ರತೆಗಳನ್ನು ಬರೆದಿಡುವುದು, ಹನಿ ನೀರಾವರಿಯ ವಾಲ್ವ್‌ಗಳನ್ನು ಸರದಿಯಂತೆ ತೆರೆಯುವುದು ಅದರ ಕೆಲಸ. ಅಕ್ಟೋಬರ್ ಚಾಟನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದ ಮೇಲೆ ಡೌನಿ ಎಂಬ ಬೂಜು ರೋಗಕ್ಕೆ ಯಾವಾಗ ಔಷಧ ಹೊಡೆಯಬೇಕೆಂಬುದು ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬುದನ್ನು ನೋಡಿ ತೀರ್ಮಾನವಾಗುತ್ತದೆ. ಆ ದಿನಗಳಲ್ಲಿ ಪೈ ಒಂದು ರಾತ್ರಿ ಮಲಗಿದರೂ ಲೆಕ್ಕ ತಪ್ಪುತ್ತದೆ.

ಮೊದಲ ವರ್ಷ ಅದು ಮೂರು ಸಲ ಮಲಗಿತು. ಮೂರು ಸಲವೂ ಬೈಕ್ ಹತ್ತಿ ಓಡಿದೆ. ಎರಡು ಸಲ ಕೇಬಲ್ಲಿನ ದೋಷ, ಒಂದು ಸಲ ಮೆಮೊರಿ ಕಾರ್ಡಿನದು. ಬೋರ್ಡಿಗೆ ಒಮ್ಮೆಯೂ ಏನೂ ಆಗಿರಲಿಲ್ಲ. ನಾಲ್ಕನೆಯ ಸಲ ನಾನು ಊರಲ್ಲಿರಲಿಲ್ಲ. ಪೆಟ್ಟಿಗೆಯ ಮುಂದೆ ನಿಂತಿದ್ದವರು ನನ್ನ ಕಾಕಾ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಟಾರ್ಚು. ಬೋರ್ಡಿನಲ್ಲಿ ಚೇತರಿಕೆಯ ಸೌಲಭ್ಯ ಎಷ್ಟಿದ್ದರೂ ಅದನ್ನು ಬಳಸಬೇಕಾದವನು ನಾನಲ್ಲ, ಅಲ್ಲಿ ನಿಂತವರು ಎಂಬುದು ನನಗೆ ಹೊಳೆದದ್ದು ಅಂದು. ಕೆಳಗಿನ ಹೆಜ್ಜೆಗಳನ್ನೆಲ್ಲ ಆ ಕಣ್ಣಿನಿಂದಲೇ ಜೋಡಿಸಿದ್ದೇನೆ. ಆಜ್ಞೆಗಳ ಮತ್ತು ಮೆನುಗಳ ಹೆಸರನ್ನು ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಮಾಡಬೇಕು.

ಮೊದಲು ದೀಪ ನೋಡಿ

ಪೈ 4ರಲ್ಲಿ ಎರಡು ದೀಪಗಳಿವೆ. ಕೆಂಪು ದೀಪ ವಿದ್ಯುತ್ತಿನದು, ಹಸಿರು ದೀಪ ಕಾರ್ಡಿನ ಓದು-ಬರಹದ್ದು. ಕೆಂಪು ದೀಪ ಉರಿಯುತ್ತಿದೆಯೇ, ಆರಿದೆಯೇ, ಮಿನುಗುತ್ತಿದೆಯೇ? ಇದು ಮೊದಲ ಪ್ರಶ್ನೆ. ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗಿಳಿದರೆ ಕೆಂಪು ದೀಪ ಆರುತ್ತದೆ. ಹಾಗಾಗಿ ಆರಿದ ಕೆಂಪು ದೀಪವೆಂದರೆ ಕರೆಂಟು ಇಲ್ಲವೆಂದೇ ಅರ್ಥವಲ್ಲ, ಸಾಲುತ್ತಿಲ್ಲ ಎಂದೂ ಆಗಬಹುದು.

ಕೆಂಪು ದೀಪ ಸರಿಯಿದ್ದರೆ ಹಸಿರು ದೀಪದ ಮಿಣುಕು ಎಣಿಸಿ. ಪೈ ಏಳಲಾಗದಿದ್ದಾಗ ಕಾರಣವನ್ನು ಮಿಣುಕುಗಳಲ್ಲಿ ಹೇಳುತ್ತದೆ: ಮೊದಲು ಉದ್ದ ಮಿಣುಕುಗಳು, ಆಮೇಲೆ ಗಿಡ್ಡ ಮಿಣುಕುಗಳು, ಎರಡು ಸೆಕೆಂಡು ಕತ್ತಲು, ಮತ್ತೆ ಅದೇ ಪಾಠ. ಕೆಲವು ಸಂಕೇತಗಳಲ್ಲಿ ಉದ್ದ ಮಿಣುಕೇ ಇರುವುದಿಲ್ಲ.

ಫೋನಿನಲ್ಲಿ ಇದನ್ನು ಕೇಳುವುದು ಅಂದುಕೊಂಡಷ್ಟು ಸುಲಭವಲ್ಲ. ಕಾಕಾ ಮೊದಲು ಹೇಳಿದ್ದು ‘ಹನ್ನೊಂದು’. ಮರುಕ್ಷಣ ‘ಅಲ್ಲ, ಎಂಟು’. ಅವರು ನಡುವಿನಿಂದ ಎಣಿಕೆ ಶುರುಮಾಡಿ ಮುಂದಿನ ಸುತ್ತಿನ ಮಿಣುಕುಗಳನ್ನೂ ಸೇರಿಸಿಬಿಟ್ಟಿದ್ದರು. ಗೋಲಗುಂಬಜಿನಲ್ಲಿ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಎಣಿಸುವವರಿಗೆಲ್ಲ ಆಗುವ ಗೊಂದಲವೇ ಇದು. ಏಳೋ ಹತ್ತೋ ಎಂದು ವಾದಿಸುತ್ತಲೇ ಕೆಳಗಿಳಿಯುತ್ತಾರೆ. ಕೊನೆಗೆ ನಾನು ಹೇಳಿದೆ: ಕತ್ತಲಾಗುವವರೆಗೆ ಸುಮ್ಮನಿರಿ, ಆಮೇಲೆ ಪ್ರತಿ ಮಿಣುಕಿಗೂ ಉದ್ದವಾದರೆ ‘ಊಂ’, ಗಿಡ್ಡವಾದರೆ ‘ಟಕ್’ ಎನ್ನಿ, ಎಣಿಸುವುದು ನನ್ನ ಕೆಲಸ. ಟಕ್, ಟಕ್, ಟಕ್, ಟಕ್, ಮೌನ. ನಾಲ್ಕು. ಅಂದಿನಿಂದ ಇದೇ ನಮ್ಮ ಪದ್ಧತಿ. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಸೆಕೆಂಡಿನ ವಿಡಿಯೋ ಬಂದರೆ ಇನ್ನೂ ಒಳ್ಳೆಯದು. ಆದರೆ ಶೆಡ್ಡಿನ ತಗಡಿನ ಕೆಳಗೆ ನೆಟ್‌ವರ್ಕ್ ಸಿಕ್ಕಿದರೆ ತಾನೇ?

ಈ ಪಟ್ಟಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಡಿ:

ಗಿಡ್ಡ 4: ಆರಂಭದ ಫರ್ಮ್‌ವೇರ್ ಕಡತ ಕಾರ್ಡಿನಲ್ಲಿ ಸಿಗುತ್ತಿಲ್ಲ.
ಗಿಡ್ಡ 7: ಕರ್ನಲ್ (ಪೈಯನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯ ತಿರುಳು) ಸಿಗುತ್ತಿಲ್ಲ.
ಗಿಡ್ಡ 8: ಬೋರ್ಡಿನ ಮೆಮೊರಿ ಚಿಪ್ ಕೈಕೊಟ್ಟಿದೆ.
ಉದ್ದ 2, ಗಿಡ್ಡ 1: ಕಾರ್ಡಿನ ಮೊದಲ ಭಾಗ ಫ್ಯಾಟ್ ಎಂಬ ಕಡತ ಜೋಡಣೆಯ ಮಾದರಿಯಲ್ಲಿಲ್ಲ.
ಉದ್ದ 2, ಗಿಡ್ಡ 2: ಆ ಭಾಗವನ್ನು ಓದಲು ಆಗುತ್ತಿಲ್ಲ.
ಉದ್ದ 3, ಗಿಡ್ಡ 1: ಬೋರ್ಡಿನ ಮೇಲಿರುವ ಈಪ್ರಾಮ್ ಚಿಪ್ಪಿನಲ್ಲಿ ದೋಷ.
ಉದ್ದ 4, ಗಿಡ್ಡ 6 ಅಥವಾ 7: ವಿದ್ಯುತ್ ಪೂರೈಕೆಯ ವೈಫಲ್ಯ.

ನಾಲ್ಕು, ಏಳು, ಎರಡು-ಒಂದು, ಎರಡು-ಎರಡು ಬಂದರೆ ಕಾರ್ಡಿನ ಕಡೆಗೆ ಹೋಗಿ. ಮೂರು-ಒಂದು ಬಂದರೆ ಬೂಟ್‌ಲೋಡರ್ (ಬೋರ್ಡನ್ನು ಮೊದಲು ಎಬ್ಬಿಸುವ ಪ್ರೋಗ್ರಾಮ್) ಕಡೆಗೆ. ಎಂಟು ಬಂದರೆ ಹೊಸ ಬೋರ್ಡಿಗೆ ಹಣ ಹೊಂದಿಸಿಕೊಳ್ಳಿ. ಟಿವಿಯೋ ಮಾನಿಟರೋ ಇದ್ದರೆ ಯುಎಸ್‌ಬಿ-ಸಿ ಕಿಂಡಿಗೆ ಹತ್ತಿರವಿರುವ ಎಚ್‌ಡಿಎಂಐ ಕಿಂಡಿಗೆ ಜೋಡಿಸಿ. ಪಕ್ಕದ ಕಿಂಡಿಗೆ ಹಾಕಿ ‘ಪರದೆ ಕಪ್ಪಗಿದೆ, ಬೋರ್ಡ್ ಸತ್ತಿದೆ’ ಎಂದವರು ಬಹಳ ಮಂದಿ, ನಾನೂ ಅವರಲ್ಲೊಬ್ಬ.

ಕರೆಂಟು

ಪೈ 4ಕ್ಕೆ 5 ವೋಲ್ಟಿನ 3 ಆಂಪಿಯರ್ ಬೇಕು. ಮೊಬೈಲ್ ಚಾರ್ಜರಿನ ಮೇಲೆ 3 ಆಂಪಿಯರ್ ಎಂದು ಬರೆದಿದ್ದರೂ ಅದು ಬೋರ್ಡಿಗೆ ತಲುಪುವುದು ಕೇಬಲ್ ಬಿಟ್ಟುಕೊಟ್ಟಷ್ಟೇ. ಸಂತೆಯಲ್ಲಿ ಕೊಂಡ ಎರಡು ಮೀಟರ್ ಉದ್ದದ ತೆಳ್ಳನೆಯ ಕೇಬಲ್ಲೇ ನನ್ನ ಮೊದಲ ಎರಡು ಬೈಕ್ ಪ್ರಯಾಣಗಳಿಗೆ ಕಾರಣ. ಮಲ್ಟಿಮೀಟರ್ ಇದ್ದರೆ ಬೋರ್ಡ್ ಓಡುತ್ತಿರುವಾಗಲೇ ಪಿನ್ 2 (5 ವೋಲ್ಟ್) ಮತ್ತು ಪಿನ್ 6ರ (ಗ್ರೌಂಡ್) ನಡುವೆ ಅಳೆಯಿರಿ. ಅಳತೆ 4.8ರ ಕೆಳಗಿದ್ದರೆ ಬೇರೇನನ್ನೂ ಮುಟ್ಟದೆ ಮೊದಲು ಕೇಬಲ್ ಬದಲಿಸಿ. ಅಳೆಯುವಾಗ ಮೀಟರಿನ ಮೊನೆ ಜಾರಿ ಪಕ್ಕದ ಪಿನ್ನುಗಳನ್ನು ಸೇರಿಸದಂತೆ ಎಚ್ಚರ. 5 ವೋಲ್ಟಿನ ಪಿನ್ನು 3.3 ವೋಲ್ಟಿನ ಪಿನ್ನಿಗೆ ತಗಲಿದರೆ ಬೋರ್ಡ್ ನಿಜಕ್ಕೂ ಸಾಯುತ್ತದೆ.

ಮೊದಮೊದಲು ಬಂದ ಪೈ 4 ಬೋರ್ಡುಗಳಲ್ಲಿ ಇನ್ನೊಂದು ವಿಚಿತ್ರವಿತ್ತು. ಲ್ಯಾಪ್‌ಟಾಪ್ ಜೊತೆ ಬರುವ, ಒಳಗೆ ಚಿಪ್ ಇರುವ ದುಬಾರಿ ಯುಎಸ್‌ಬಿ-ಸಿ ಕೇಬಲ್ ಹಾಕಿದರೆ ಅವು ಏಳುತ್ತಲೇ ಇರಲಿಲ್ಲ. ಸಾದಾ ಕೇಬಲ್ ಹಾಕಿದರೆ ಏಳುತ್ತಿದ್ದವು. ಮುಂದಿನ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ನಿಮ್ಮದು 2019ರಲ್ಲಿ ಕೊಂಡ ಬೋರ್ಡ್ ಆಗಿದ್ದರೆ ನೆನಪಿರಲಿ.

ಬೋರ್ಡ್ ಓಡುತ್ತಿದ್ದು ಆಗಾಗ ಮಾತ್ರ ನಿಲ್ಲುತ್ತಿದ್ದರೆ ಅದನ್ನೇ ಕೇಳಬಹುದು. ಟರ್ಮಿನಲ್‌ನಲ್ಲಿ ವಿಸಿಜೆನ್‌ಸಿಎಂಡಿ ಎಂದು ಬರೆದು, ಜಾಗ ಬಿಟ್ಟು, ಗೆಟ್-ಥ್ರಾಟಲ್ಡ್ ಎಂದು ಬರೆಯಿರಿ. ಗೆಟ್ ಮತ್ತು ಥ್ರಾಟಲ್ಡ್ ನಡುವೆ ಅಡಿಗೆರೆ ಇರಬೇಕು. ‘ಸೊನ್ನೆ ಎಕ್ಸ್ ಸೊನ್ನೆ’ ಎಂದು ಬಂದರೆ ನೆಮ್ಮದಿ. ‘ಸೊನ್ನೆ ಎಕ್ಸ್ 50000’ ಎಂದರೆ ಬೋರ್ಡ್ ಎದ್ದ ಮೇಲೆ ಯಾವಾಗಲೋ ವೋಲ್ಟೇಜ್ ಕುಸಿದು ವೇಗವೂ ತಗ್ಗಿತ್ತು, ಈಗ ಸರಿಯಾಗಿದೆ. ‘50005’ ಎಂದರೆ ಈ ಕ್ಷಣದಲ್ಲೂ ಕುಸಿದಿದೆ. ನಮ್ಮಲ್ಲಿ ಮೂರು ಫೇಸ್ ಕರೆಂಟು ಬಂದು ಸುತ್ತಲಿನ ಪಂಪುಗಳೆಲ್ಲ ಒಟ್ಟಿಗೆ ಶುರುವಾಗುವ ಹೊತ್ತಿಗೆ ಸರಿಯಾಗಿ ಈ 50000 ಕಾಣಿಸಿಕೊಳ್ಳುತ್ತಿತ್ತು.

ಅದಕ್ಕೆ ನಾನು ಕಂಡುಕೊಂಡ ಮದ್ದು: ಸಣ್ಣ ಸೌರ ಫಲಕ, 12 ವೋಲ್ಟಿನ ಬ್ಯಾಟರಿ, ಅದರಿಂದ 5 ವೋಲ್ಟಿಗೆ ಇಳಿಸುವ ಬಕ್ ಕನ್ವರ್ಟರ್. ಕನ್ವರ್ಟರಿನ ಸಣ್ಣ ತಿರುಪನ್ನು ತಿರುಗಿಸಿ 5.1 ವೋಲ್ಟಿಗೆ ನಿಲ್ಲಿಸಿ. ಇದನ್ನು ಪೈಗೆ ಜೋಡಿಸುವ ಮೊದಲೇ ಮಾಡಬೇಕು. ಹೊಸದಾಗಿ ಬಂದ ಕನ್ವರ್ಟರ್ ಎಷ್ಟು ವೋಲ್ಟಿಗೆ ನಿಂತಿರುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು.

ಕಾರ್ಡ್

ನೂರಕ್ಕೆ ಎಷ್ಟು ಎಂದು ಹೇಳಲಾರೆ, ಆದರೆ ನನ್ನ ಅನುಭವದಲ್ಲಿ ವಿದ್ಯುತ್ತಿನ ನಂತರ ಕೈಕೊಡುವುದು ಕಾರ್ಡೇ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತಗಳ ವ್ಯವಸ್ಥೆ ಅರ್ಧಂಬರ್ಧವಾಗಿ ಉಳಿಯುತ್ತದೆ. ದಿನವಿಡೀ ಲಾಗ್ ಬರೆದು ಬರೆದು ಕಾರ್ಡಿನ ಕೋಶಗಳೂ ಸವೆಯುತ್ತವೆ.

ಸವೆದ ಕಾರ್ಡ್ ಸಾಯುವ ರೀತಿ ಮೋಸದ್ದು. ಕೆಲವು ಕಾರ್ಡುಗಳು ಕೊನೆಗಾಲದಲ್ಲಿ ಓದಲು ಮಾತ್ರ ಬಿಡುತ್ತವೆ, ಬರೆದಂತೆ ನಟಿಸುತ್ತವೆ. ನೀವು ಒಂದು ಕಡತ ಅಳಿಸುತ್ತೀರಿ, ಅದು ಹೋಗುತ್ತದೆ. ಬೋರ್ಡ್ ಆರಿಸಿ ಮತ್ತೆ ಹಚ್ಚಿದರೆ ಅಲ್ಲೇ ಇರುತ್ತದೆ. ಒಮ್ಮೆ ಇಡೀ ಮಧ್ಯಾಹ್ನ ಸೆಟ್ಟಿಂಗ್ ಬದಲಿಸಿದೆ, ರೀಬೂಟ್ ಮಾಡಿದೆ, ಮತ್ತೆ ಹಳೆಯದೇ. ನನ್ನ ಪ್ರೋಗ್ರಾಮಿನಲ್ಲೇ ತಪ್ಪಿದೆಯೆಂದು ಅದರ ಸಾಲು ಸಾಲು ಓದಿದೆ. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಪೂರ್ತಿ ಫಾರ್ಮ್ಯಾಟ್ ಮಾಡಿದರೂ ಹಳೆಯ ಕಡತಗಳು ಕದಲಲಿಲ್ಲ. ಅಂಥ ಕಾರ್ಡನ್ನು ಅರ್ಧಕ್ಕೆ ಮುರಿದು ಎಸೆಯಿರಿ. ಡ್ರಾಯರಿನಲ್ಲಿಟ್ಟರೆ ಇನ್ನೊಂದು ದಿನ ಮತ್ತೆ ಅದೇ ಕೈಗೆ ಬರುತ್ತದೆ.

ಸಂಶಯ ಬಂದ ಕಾರ್ಡನ್ನು ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದ ಕೂಡಲೇ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ?’ ಎಂಬ ಪ್ರಶ್ನೆ ಬರುತ್ತದೆ. ಬೇಡ ಎನ್ನಿ. ಲಿನಕ್ಸಿನ ಭಾಗವನ್ನು ವಿಂಡೋಸ್ ಓದಲಾರದು, ಅದಕ್ಕೇ ಹಾಗೆ ಕೇಳುತ್ತದೆ. ಕಾರ್ಡ್ ಕೆಟ್ಟಿದೆ ಎಂದಲ್ಲ. ಮೊಬೈಲ್ ಅಂಗಡಿಗೆ ಒಯ್ದರೆ ಅಲ್ಲಿಯ ಹುಡುಗ ಒಳ್ಳೆಯ ಮನಸ್ಸಿನಿಂದಲೇ ‘ಹೌದು’ ಒತ್ತಿ ನಿಮ್ಮ ಮಾಹಿತಿಯನ್ನೆಲ್ಲ ಅಳಿಸಿ ಕೊಡುತ್ತಾನೆ. ಇನ್ನೊಂದು ಪೈ ಅಥವಾ ಲಿನಕ್ಸ್ ಗಣಕವಿದ್ದರೆ ಕಾರ್ಡನ್ನು ಯುಎಸ್‌ಬಿ ರೀಡರಿನಲ್ಲಿ ಹಾಕಿ, ಎರಡನೆಯ ಭಾಗವನ್ನು ಅನ್‌ಮೌಂಟ್ ಮಾಡಿ, ಇ2ಎಫ್‌ಎಸ್‌ಸಿಕೆ ಆಜ್ಞೆಯಿಂದ ದುರಸ್ತಿ ಮಾಡಿಸಿ. ಕರೆಂಟು ಹೋಗಿ ಕೆಟ್ಟ ಕಾರ್ಡ್ ಹಲವು ಸಲ ಇಷ್ಟಕ್ಕೇ ಚೇತರಿಸಿಕೊಳ್ಳುತ್ತದೆ.

ತೋಟದಲ್ಲಿ ಈ ರಗಳೆ ಯಾರಿಗೂ ಬೇಡ. ಅಲ್ಲಿ ಬೇಕಾದದ್ದು ತಯಾರಾಗಿರುವ ಇನ್ನೊಂದು ಕಾರ್ಡ್. ಮಾಡುವುದು ಹೀಗೆ:

1. ಎಲ್ಲವೂ ಸರಿಯಾಗಿ ಓಡುತ್ತಿರುವ ದಿನ, ಹೊಸ ಕಾರ್ಡನ್ನು ಯುಎಸ್‌ಬಿ ರೀಡರಿನಲ್ಲಿ ಹಾಕಿ ಪೈಗೆ ಜೋಡಿಸಿ. ‘ಹೈ ಎಂಡ್ಯೂರೆನ್ಸ್’ ಎಂದು ಬರೆದ ಕಾರ್ಡ್ ಒಳ್ಳೆಯದು.
2. ಡೆಸ್ಕ್‌ಟಾಪಿನ ಆ್ಯಕ್ಸೆಸರೀಸ್ ಮೆನುವಿನಲ್ಲಿರುವ ಎಸ್‌ಡಿ ಕಾರ್ಡ್ ಕಾಪಿಯರ್ ತೆರೆದು ಒಳಗಿನ ಕಾರ್ಡಿನಿಂದ ಹೊರಗಿನ ಕಾರ್ಡಿಗೆ ನಕಲು ಮಾಡಿ. ಎರಡು ಕಂಪನಿಗಳ 32 ಜಿಬಿ ಕಾರ್ಡುಗಳ ನಿಜವಾದ ಅಳತೆ ಕೊಂಚ ಹೆಚ್ಚುಕಡಿಮೆ ಇರುತ್ತದೆ. ಇಡೀ ಇಮೇಜ್ ತೆಗೆದು ಬರೆಯಲು ಹೋದರೆ ಕೊನೆಯಲ್ಲಿ ಜಾಗ ಸಾಲದೆ ನಿಲ್ಲಬಹುದು, ಕಾಪಿಯರಿಗೆ ಆ ತೊಂದರೆ ಇಲ್ಲ.
3. ನಕಲಾದ ಕಾರ್ಡಿನಿಂದ ಒಮ್ಮೆ ಬೂಟ್ ಮಾಡಿ ನೋಡಿ. ಇದನ್ನು ಬಿಡಬೇಡಿ, ಬೂಟ್ ಮಾಡಿ ನೋಡದ ನಕಲು ನಕಲೇ ಅಲ್ಲ.
4. ಅದರ ಬೆನ್ನಿಗೆ ಹಸಿರು ಬಣ್ಣ ಹಚ್ಚಿ, ಸಿಲಿಕಾ ಜೆಲ್ ಪುಡಿಕೆಯೊಂದಿಗೆ ಚಿಕ್ಕ ಜಿಪ್ ಚೀಲದಲ್ಲಿ ಹಾಕಿ, ಪೆಟ್ಟಿಗೆಯ ಒಳಗೇ ಅಂಟಿಸಿ.

ಈಗ ಫೋನಿನಲ್ಲಿ ‘ನಾಲ್ಕು ಟಕ್’ ಕೇಳಿಬಂದರೆ ನಾನು ಹೇಳುವುದು ಇಷ್ಟೇ: ‘ಸ್ವಿಚ್ ಆರಿಸಿ, ಹಸಿರು ಕಾರ್ಡ್ ಹಾಕಿ, ಸ್ವಿಚ್ ಹಚ್ಚಿ.’

ಬೂಟ್‌ಲೋಡರ್: ಕೆಂಪು ಕಾರ್ಡ್

ಪೈ 3 ಮತ್ತು ಅದಕ್ಕೂ ಹಿಂದಿನವು ಏಳಲು ಬೇಕಾದದ್ದೆಲ್ಲ ಕಾರ್ಡಿನಲ್ಲೇ ಇರುತ್ತದೆ. ಪೈ 4ರಲ್ಲಿ ಆರಂಭದ ಪ್ರೋಗ್ರಾಮ್ ಬೋರ್ಡಿನ ಮೇಲಿನ ಈಪ್ರಾಮ್ ಚಿಪ್ಪಿನಲ್ಲಿದೆ. ಅದನ್ನು ಹೊಸದಾಗಿಸುತ್ತಿರುವಾಗ ಕರೆಂಟು ಹೋದರೆ ಒಳ್ಳೆಯ ಕಾರ್ಡ್ ಹಾಕಿದರೂ ಬೋರ್ಡ್ ಏಳದಿರಬಹುದು. ಹಾಗಾದಾಗ ಬೋರ್ಡನ್ನು ಎಸೆಯುವವರಿದ್ದಾರೆ. ಎಸೆಯಬೇಕಿಲ್ಲ. ಮುಖ್ಯ ಚಿಪ್ಪಿನೊಳಗೆ ಅಳಿಸಲಾಗದಂತೆ ಕೆತ್ತಿರುವ ಇನ್ನೊಂದು ಸಣ್ಣ ಪ್ರೋಗ್ರಾಮ್ ಇದೆ. ಈಪ್ರಾಮ್ ಕೆಟ್ಟಿದ್ದರೂ ಅದು ಕಾರ್ಡಿನಲ್ಲಿ ರಿಕವರಿ ಕಡತವಿದೆಯೇ ಎಂದು ಹುಡುಕುತ್ತದೆ. ಆ ಕಡತವಿರುವ ಕಾರ್ಡನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು, ಅಷ್ಟೇ.

1. ಲ್ಯಾಪ್‌ಟಾಪಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ತೆರೆದು ನಿಮ್ಮ ಬೋರ್ಡಿನ ಹೆಸರನ್ನು ಆಯ್ದುಕೊಳ್ಳಿ.
2. ಆಪರೇಟಿಂಗ್ ಸಿಸ್ಟಮ್ ಪಟ್ಟಿಯಲ್ಲಿ ಕೆಳಗಿಳಿದು ‘ಮಿಸ್ಕ್ ಯುಟಿಲಿಟಿ ಇಮೇಜಸ್’, ಅದರೊಳಗೆ ಪೈ 4 ಕುಟುಂಬದ ‘ಬೂಟ್‌ಲೋಡರ್’, ಅದರೊಳಗೆ ‘ಎಸ್‌ಡಿ ಕಾರ್ಡ್ ಬೂಟ್’ ಆಯ್ದುಕೊಳ್ಳಿ.
3. ಯಾವುದಾದರೂ ಹಳೆಯ ಚಿಕ್ಕ ಕಾರ್ಡಿಗೆ ಬರೆಯಿರಿ. ಬೆನ್ನಿಗೆ ಕೆಂಪು ಬಣ್ಣ ಹಚ್ಚಿ, ಇದೂ ಪೆಟ್ಟಿಗೆಯೊಳಗೆ ಹೋಗಲಿ.

ಬಳಸುವಾಗ ಕೆಂಪು ಕಾರ್ಡ್ ಹಾಕಿ ಸ್ವಿಚ್ ಹಚ್ಚಿ, ಹತ್ತು ಸೆಕೆಂಡಿಗೂ ಹೆಚ್ಚು ಕಾಯಿರಿ. ಹಸಿರು ದೀಪ ನಿಲ್ಲದೆ ಚಕಚಕನೆ ಮಿಣುಕಿದರೆ, ಪರದೆಯಿದ್ದರೆ ಅದು ಪೂರ್ತಿ ಹಸಿರಾದರೆ, ಕೆಲಸ ಆಯಿತು. ಸ್ವಿಚ್ ಆರಿಸಿ, ಕೆಂಪು ಕಾರ್ಡ್ ತೆಗೆದು, ಹಸಿರು ಕಾರ್ಡ್ ಹಾಕಿ.

ಬೂಟ್ ಕ್ರಮವೂ ಇದೇ ಈಪ್ರಾಮಿನಲ್ಲಿದೆ. ಅದರ ಮೌಲ್ಯ ‘ಎಫ್41’ ಎಂದಿದ್ದರೆ ಬಲದಿಂದ ಓದಿ: 1 ಅಂದರೆ ಕಾರ್ಡ್, 4 ಅಂದರೆ ಯುಎಸ್‌ಬಿ ಡಿಸ್ಕ್, ಎಫ್ ಅಂದರೆ ಮತ್ತೆ ಮೊದಲಿನಿಂದ. ಅಂದರೆ ಕಾರ್ಡ್ ಇಲ್ಲದಿದ್ದರೆ ಯುಎಸ್‌ಬಿಯಿಂದ ಏಳುತ್ತದೆ. ನಕಲನ್ನು ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿ ಇಡುವವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಒಂದು ಹೊಟ್ಟೆಕಿಚ್ಚಿನ ಮಾತು: ಪೈಯಂಥದೇ ಇನ್ನೊಂದು ಪುಟ್ಟ ಗಣಕವಾದ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡಿನಲ್ಲಿ ಆಪರೇಟಿಂಗ್ ಸಿಸ್ಟಮಿಗೆ ಬೋರ್ಡಿನ ಮೇಲೇ ಇಎಂಎಂಸಿ ಎಂಬ ಸಂಗ್ರಹದ ಚಿಪ್ ಇದೆ, ಪಕ್ಕದಲ್ಲಿ ಎಸ್2 ಎಂಬ ಗುಂಡಿ ಇದೆ. ಅದನ್ನು ಒತ್ತಿ ಹಿಡಿದು ಕರೆಂಟು ಕೊಟ್ಟರೆ ಇಎಂಎಂಸಿ ಬಿಟ್ಟು ಕಾರ್ಡಿನಿಂದ ಏಳುತ್ತದೆ. ರೀಸೆಟ್ ಒತ್ತಿದರೆ ಸಾಲದು, ಕರೆಂಟನ್ನೇ ತೆಗೆದು ಕೊಡಬೇಕು. ಬರೆಯುವ ಕಾರ್ಡ್ ಹಾಕಿದ್ದರೆ ನಾಲ್ಕು ದೀಪಗಳು ಆಚೆಯಿಂದ ಈಚೆಗೆ ಓಡಾಡುತ್ತ ಇಎಂಎಂಸಿಯನ್ನು ಹೊಸದಾಗಿ ತುಂಬುತ್ತವೆ. ಫೋನಿನಲ್ಲಿ ವಿವರಿಸಲು ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಆದರೆ ಅದು ನಮ್ಮ ಕಡೆ ಸುಲಭವಾಗಿ ಸಿಗುವುದಿಲ್ಲ, ಸಿಕ್ಕಿದರೂ ಬೆಲೆ ಕೇಳಿ ಸುಮ್ಮನಾಗಬೇಕು.

ತಾನಾಗಿ ಏಳಲಿ

ಬೋರ್ಡ್ ಹೆಪ್ಪುಗಟ್ಟಿ ನಿಂತರೆ ಯಾರನ್ನೂ ಕರೆಯದೆ ತಾನೇ ರೀಸೆಟ್ ಆಗುವಂತೆ ಮಾಡುವ ವಾಚ್‌ಡಾಗ್ ಪೈ ಚಿಪ್ಪಿನಲ್ಲೇ ಇದೆ. ಲಿನಕ್ಸ್ ಆಗಾಗ ‘ಬದುಕಿದ್ದೇನೆ’ ಎಂದು ಅದರ ತಲೆ ನೇವರಿಸುತ್ತಿರಬೇಕು. ಸುಮಾರು 15 ಸೆಕೆಂಡು ನೇವರಿಸದಿದ್ದರೆ ಅದು ಬೋರ್ಡನ್ನು ಕಚ್ಚಿ ಎಬ್ಬಿಸುತ್ತದೆ. ಲಿನಕ್ಸಿನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಸಿಸ್ಟಮ್-ಡಾಟ್-ಕಾನ್ಫ್ ಕಡತದಲ್ಲಿ ರನ್‌ಟೈಮ್‌ವಾಚ್‌ಡಾಗ್‌ಸೆಕ್ ಎಂಬ ಸಾಲಿನ ಮುಂದಿರುವ ಹ್ಯಾಷ್ ಗುರುತು ತೆಗೆದು 15 ಎಂದು ಬರೆದು ರೀಬೂಟ್ ಮಾಡಿ. ಈ ಸಾಲಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳು ಕಡತದಲ್ಲಿ ಇರುವಂತೆಯೇ ಉಳಿಯಲಿ.

ಈ ನಾಯಿ ಕಾಯುವುದು ಕರ್ನಲ್ಲನ್ನು, ನಿಮ್ಮ ಪ್ರೋಗ್ರಾಮನ್ನಲ್ಲ. ಲಿನಕ್ಸ್ ಆರಾಮವಾಗಿದ್ದು ನಿಮ್ಮ ವಾಲ್ವ್ ಪ್ರೋಗ್ರಾಮ್ ಮಾತ್ರ ಬಿದ್ದಿದ್ದರೆ ನಾಯಿ ಬೊಗಳುವುದಿಲ್ಲ. ಆದ್ದರಿಂದ ಪ್ರೋಗ್ರಾಮನ್ನು ಸಿಸ್ಟಮ್‌ಡಿ ಸೇವೆಯಾಗಿ ಓಡಿಸಿ, ರೀಸ್ಟಾರ್ಟ್ ಎಂಬಲ್ಲಿ ‘ಆಲ್‌ವೇಸ್’ ಎಂದು ಕೊಡಿ. ಬಿದ್ದರೆ ಮತ್ತೆ ಎದ್ದು ನಿಲ್ಲುತ್ತದೆ.

ಕೈಯಿಂದ ಎಬ್ಬಿಸಲು ಒಂದು ಗುಂಡಿಯೂ ಇರಲಿ. ಪೈ 4ರ ಮೇಲೆ ‘ರನ್’ ಎಂದು ಗುರುತಿರುವ ರಂಧ್ರವಿದೆ. ಅದನ್ನು ಗ್ರೌಂಡಿಗೆ ಕ್ಷಣ ಹೊತ್ತು ಸೇರಿಸಿದರೆ ರೀಸೆಟ್. ಎರಡು ತಂತಿ ಬೆಸೆದು ಗುಂಡಿಯನ್ನು ಪೆಟ್ಟಿಗೆಯ ಹೊರಗೆ ತಂದಿದ್ದೇನೆ. ಪೈ 5ರಲ್ಲಾದರೆ ಪವರ್ ಗುಂಡಿ ಬೋರ್ಡಿನ ಮೇಲೇ ಇದೆ.

ಬರೆಯದ ಕಾರ್ಡು, ತಪ್ಪದ ಗಡಿಯಾರ

ಕಾರ್ಡಿಗೆ ಬರೆಯುವುದನ್ನೇ ನಿಲ್ಲಿಸಿದರೆ ಕರೆಂಟು ಎಷ್ಟು ಸಲ ಹೋದರೂ ಚಿಂತೆಯಿಲ್ಲ. ಪೈಯ ಸೆಟ್ಟಿಂಗ್ ಬದಲಿಸುವ ರಾಸ್ಪಿ-ಕಾನ್ಫಿಗ್ ತೆರೆದು ‘ಪರ್ಫಾರ್ಮೆನ್ಸ್ ಆಪ್ಷನ್ಸ್’ ಒಳಗಿನ ‘ಓವರ್‌ಲೇ ಫೈಲ್ ಸಿಸ್ಟಮ್’ ಚಾಲೂ ಮಾಡಿದರೆ ಕಾರ್ಡ್ ಓದಲು ಮಾತ್ರ ಬಳಕೆಯಾಗುತ್ತದೆ, ಬರಹವೆಲ್ಲ ರ್‍ಯಾಮಿನಲ್ಲಿ ನಡೆದು ಆರಿಸಿದ ಕೂಡಲೇ ಮಾಯವಾಗುತ್ತದೆ. ಹಸಿರು ಕಾರ್ಡಿನ ನಕಲನ್ನು ಇದಕ್ಕೂ ಮೊದಲೇ ಮಾಡಿಕೊಳ್ಳಿ. ಮುಂದೆ ಏನಾದರೂ ಬದಲಿಸಬೇಕೆನಿಸಿದರೆ ಓವರ್‌ಲೇ ನಿಲ್ಲಿಸಿ, ರೀಬೂಟ್ ಮಾಡಿ, ಬದಲಿಸಿ, ಮತ್ತೆ ಹಚ್ಚಿ.

ಎಲೆ ತೇವದ ದಾಖಲೆ ಮಾಯವಾಗಬಾರದಲ್ಲ? ಅದಕ್ಕೊಂದು ಪೆನ್‌ಡ್ರೈವ್ ಇಡಿ. ಬೂಟ್ ಆಗುವಾಗ ಯಾವ ಡಿಸ್ಕುಗಳನ್ನು ಜೋಡಿಸಬೇಕೆಂದು ಬರೆದಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಅದರ ಸಾಲಿಗೆ ‘ನೋಫೇಲ್’ ಎಂಬ ಪದ ಸೇರಿಸುವುದನ್ನು ಮರೆಯಬೇಡಿ. ನಾನು ಮರೆತಿದ್ದೆ. ಯಾರೋ ಪೆನ್‌ಡ್ರೈವ್ ಕಿತ್ತುಕೊಂಡು ಹೋಗಿ ಅದರಲ್ಲಿ ಹಾಡು ತುಂಬಿಸಿಕೊಂಡರು. ಅಂದು ಸಂಜೆ ಕರೆಂಟು ಹೋಗಿ ಬಂದಾಗ ಪೈ ಇಲ್ಲದ ಪೆನ್‌ಡ್ರೈವ್‌ಗಾಗಿ ಕಾದು ಕಾದು ತುರ್ತು ಸ್ಥಿತಿಗೆ ಹೋಗಿ ಕುಳಿತಿತು.

ಪೈ 4ರಲ್ಲಿ ಗಡಿಯಾರವಿಲ್ಲ. ಇಂಟರ್ನೆಟ್ ಸಿಗುವವರೆಗೂ ಅದು ಹಳೆಯ ಸಮಯದಲ್ಲೇ ಬದುಕುತ್ತದೆ. ಓವರ್‌ಲೇ ಹಾಕಿದ ಮೇಲಂತೂ ಕೊನೆಯ ಸಮಯವನ್ನು ಬರೆದಿಟ್ಟುಕೊಳ್ಳಲೂ ಆಗುವುದಿಲ್ಲ. ನಸುಕಿನ ಐದಕ್ಕೆ ಬಿಡಬೇಕಾದ ನೀರನ್ನು ನಡು ಮಧ್ಯಾಹ್ನ ಬಿಟ್ಟಾಗ ಕಾಕಾ ಅದಕ್ಕೆ ‘ಕುಂಭಕರ್ಣ’ ಎಂದು ಹೆಸರಿಟ್ಟರು. ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿದರೆ ಈ ತೊಂದರೆ ತಪ್ಪುತ್ತದೆ. ಪಿನ್ 1ಕ್ಕೆ 3.3 ವೋಲ್ಟ್, 3ಕ್ಕೆ ಎಸ್‌ಡಿಎ, 5ಕ್ಕೆ ಎಸ್‌ಸಿಎಲ್, 9ಕ್ಕೆ ಗ್ರೌಂಡ್. ರಾಸ್ಪಿ-ಕಾನ್ಫಿಗ್‌ನಲ್ಲಿ ಐ2ಸಿ (ಈ ಎರಡು ತಂತಿಗಳ ಸಂಪರ್ಕ) ಚಾಲೂ ಮಾಡಿ, ಐ2ಸಿಡಿಟೆಕ್ಟ್ ಆಜ್ಞೆ ಓಡಿಸಿದಾಗ 68 ಕಾಣಬೇಕು. ಆಮೇಲೆ ಕಾನ್ಫಿಗ್ ಕಡತದಲ್ಲಿ ಐ2ಸಿ-ಆರ್‌ಟಿಸಿ ಓವರ್‌ಲೇ ಸಾಲು (ಹೆಸರು ಒಂದೇ ಆದರೂ ಮೇಲಿನ ಓವರ್‌ಲೇಗೂ ಇದಕ್ಕೂ ಸಂಬಂಧವಿಲ್ಲ) ಸೇರಿಸಿದರೆ ಅದೇ ಜಾಗದಲ್ಲಿ ‘ಯುಯು’ ಎಂದು ಬರುತ್ತದೆ, ಅಂದರೆ ಲಿನಕ್ಸ್ ಅದನ್ನು ವಶಕ್ಕೆ ತೆಗೆದುಕೊಂಡಿದೆ. ಅಗ್ಗದ ನೀಲಿ ಮಾಡ್ಯೂಲುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಮಂಡಲ ಇರುತ್ತದೆ. ಚಾರ್ಜ್ ಆಗದ ಸಿಆರ್2032 ಸೆಲ್ ಹಾಕಿ 5 ವೋಲ್ಟ್ ಕೊಟ್ಟರೆ ಸೆಲ್ ಉಬ್ಬುತ್ತದೆ, ಸೋರುತ್ತದೆ. 3.3 ವೋಲ್ಟಿಗೇ ಜೋಡಿಸಲು ಹೇಳಿದ್ದು ಅದಕ್ಕೂ ಹೌದು.

ಪೈ ಮಲಗಿದಾಗ ಪಂಪ್ ಏನು ಮಾಡುತ್ತದೆ

ಇದನ್ನು ಮೊದಲೇ ಯೋಚಿಸದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಪೈಯ ಸಂಕೇತದಿಂದ ವಾಲ್ವ್‌ಗೆ ಕರೆಂಟು ಕೊಡುವ ಸ್ವಿಚ್ಚಾದ ರಿಲೇಯ ‘ನಾರ್ಮಲಿ ಓಪನ್’ ತುದಿಗೇ ತಂತಿ ಕೊಡಿ, ಬೋರ್ಡ್ ಸತ್ತರೆ ವಾಲ್ವ್ ಮುಚ್ಚಲಿ. ಪಂಪನ್ನು ರಿಲೇಯಿಂದ ನೇರವಾಗಿ ಓಡಿಸಬೇಡಿ. ಸ್ಟಾರ್ಟರಿನ ಕಾಂಟ್ಯಾಕ್ಟರಿನ ಮೂಲಕ ಓಡಿಸಿ, ಆ ತಂತಿ ಎಳೆಯಲು ಎಲೆಕ್ಟ್ರಿಷಿಯನ್ನನ್ನೇ ಕರೆಯಿರಿ.

ಬೂಟ್ ಆಗುವ ಕ್ಷಣಗಳಲ್ಲಿ ರಿಲೇ ತಾನಾಗಿ ಟಕ್ಕೆಂದು ಹಾರುವುದೂ ಉಂಟು. ಸಿಗುವ ರಿಲೇ ಬೋರ್ಡುಗಳಲ್ಲಿ ಹೆಚ್ಚಿನವು ಪಿನ್ ಕೆಳಗಿಳಿದಾಗ ಚಾಲೂ ಆಗುವಂಥವು. ಪೈ ಎದ್ದಾಗ ಜಿಪಿಐಒ (ಸಂಕೇತ ಕೊಡುವ ಪಿನ್ನುಗಳು) 0ರಿಂದ 8ರವರೆಗಿನವು ಮೇಲಕ್ಕೆ, 9ರಿಂದ 27ರವರೆಗಿನವು ಕೆಳಕ್ಕೆ ಎಳೆದುಕೊಂಡಿರುತ್ತವೆ. ಅದಕ್ಕೇ ನಾನು ವಾಲ್ವ್‌ಗಳಿಗೆ ಜಿಪಿಐಒ 4, 5, 6 ಬಳಸುತ್ತೇನೆ (ಇವು ಜಿಪಿಐಒ ಸಂಖ್ಯೆಗಳು, ಮೇಲೆ ಹೇಳಿದ ಪಿನ್ ಸಂಖ್ಯೆಗಳಲ್ಲ). ಜೊತೆಗೆ ಗೋಡೆಯ ಮೇಲೊಂದು ಹಳೆಯ ಕಾಲದ ಕೈ ಸ್ವಿಚ್ ಇದೆ. ಪೈ ಇರಲಿ ಬಿಡಲಿ, ಅದನ್ನು ಒತ್ತಿದರೆ ನೀರು ಹರಿಯುತ್ತದೆ.

ಇಷ್ಟಾದರೂ ಏಳದಿದ್ದರೆ

ಬೋರ್ಡನ್ನು ಮನೆಗೆ ತನ್ನಿ. 3.3 ವೋಲ್ಟಿನ ಯುಎಸ್‌ಬಿ-ಸೀರಿಯಲ್ ತಂತಿ ಬೇಕು, 5 ವೋಲ್ಟಿನದು ಬೇಡವೇ ಬೇಡ. ಪಿನ್ 6 ಗ್ರೌಂಡಿಗೆ, ಪಿನ್ 8 ತಂತಿಯ ಆರ್‌ಎಕ್ಸ್‌ಗೆ, ಪಿನ್ 10 ಟಿಎಕ್ಸ್‌ಗೆ. ಕೆಂಪು ತಂತಿಯನ್ನು ಹಾಗೇ ಬಿಡಿ. ಕಾನ್ಫಿಗ್ ಕಡತದಲ್ಲಿ ಯುಆರ್ಟ್ (ಸೀರಿಯಲ್ ಸಂಪರ್ಕ) ಚಾಲೂ ಇದ್ದರೆ 115200 ವೇಗದಲ್ಲಿ ಕರ್ನಲ್ ತನ್ನ ಕಥೆಯನ್ನೆಲ್ಲ ಹೇಳುತ್ತದೆ. ಎಲ್ಲಿ ಮಾತು ನಿಲ್ಲಿಸಿತೋ ಅಲ್ಲಿ ರೋಗ.

ಸೀರಿಯಲ್ಲೂ ಮೂಕವಾದರೆ ಮೀಟರ್ ತೆಗೆದುಕೊಳ್ಳಿ. ಪಿನ್ 2ರಲ್ಲಿ 5 ವೋಲ್ಟ್ ಇದ್ದು ಪಿನ್ 1ರಲ್ಲಿ 3.3 ವೋಲ್ಟ್ ಇಲ್ಲದಿದ್ದರೆ ವಿದ್ಯುತ್ ಹಂಚುವ ಚಿಪ್ ಹೋಗಿದೆ ಎಂದುಕೊಳ್ಳಿ. ಮುಂಗಾರಿಗೆ ಮುಂಚಿನ ಸಿಡಿಲಿನಲ್ಲಿ ಹೀಗಾಗುವುದುಂಟು. ಉದ್ದನೆಯ ಸೆನ್ಸರ್ ತಂತಿಗಳೇ ಸಿಡಿಲಿಗೆ ದಾರಿ. ಮೋಡ ಕಟ್ಟಿದರೆ ಅವುಗಳ ಕನೆಕ್ಟರ್ ಕಿತ್ತುಬಿಡುವುದು ನಮ್ಮ ಮನೆಯ ರೂಢಿ.

ಬಿಸಿಲಿನ ಬಗ್ಗೆ ಎರಡೇ ಮಾತು. ಚಿಪ್ 80 ಡಿಗ್ರಿ ಮುಟ್ಟಿದರೆ ವೇಗ ತಗ್ಗಿಸಿಕೊಳ್ಳುತ್ತದೆ, ಸಾಯುವುದಿಲ್ಲ. ಆದರೆ ಏಪ್ರಿಲ್‌ನಲ್ಲಿ ತಗಡಿಗೆ ಅಂಟಿಸಿದ ಪೆಟ್ಟಿಗೆ ಒಲೆಯಾಗುತ್ತದೆ. ಉತ್ತರದ ಗೋಡೆಗೆ ಹಾಕಿ, ಅಲ್ಯೂಮಿನಿಯಂ ಕೇಸ್ ಕೊಡಿ.

ತಾಲೀಮು

ಚಾಟನಿಗೆ ಒಂದು ವಾರ ಮೊದಲು ನಾವು ತಾಲೀಮು ಮಾಡುತ್ತೇವೆ. ನಾನು ಶೆಡ್ಡಿನ ಹೊರಗೆ ಬೆನ್ನು ತಿರುಗಿಸಿ ಕೂರುತ್ತೇನೆ, ಕಾಕಾ ಒಳಗೆ. ಕಾರ್ಡ್ ತೆಗೆದಿಟ್ಟ ಪೈಯನ್ನು ಅವರು ಫೋನಿನ ಮಾತಿನಿಂದಲೇ ಎಬ್ಬಿಸಬೇಕು. ಮೊದಲ ತಾಲೀಮಿನಲ್ಲಿ ದೀಪ ಎಣಿಸಿದ್ದು ಸರಿ, ಹಸಿರು ಕಾರ್ಡ್ ತೆಗೆದದ್ದು ಸರಿ. ಹಾಕಲು ಹೋದರೆ ಕಾರ್ಡು ಒಳಗೇ ಹೋಗದು. ಪೈ 4ರ ಕಾರ್ಡಿನ ಕಿಂಡಿ ಬೋರ್ಡಿನ ಕೆಳಬದಿಯಲ್ಲಿದೆ. ಕಾರ್ಡಿನ ಚಿನ್ನದ ಗೆರೆಗಳು ಬೋರ್ಡಿಗೆ ಮುಖ ಮಾಡಿರಬೇಕು. ನಾನು ಬೋರ್ಡನ್ನು ಪೆಟ್ಟಿಗೆಯ ತಳಕ್ಕೆ ನಾಲ್ಕು ಸ್ಕ್ರೂ ಹಾಕಿ ಬಿಗಿದಿದ್ದೆ, ಬೆರಳು ತೂರಲು ಜಾಗವೇ ಇರಲಿಲ್ಲ. ಮೇಜಿನ ಮೇಲೆ ಕಟ್ಟುವಾಗ ನನಗೆ ಇದು ಹೊಳೆದೇ ಇರಲಿಲ್ಲ.

ಅಂದೇ ಪೆಟ್ಟಿಗೆಯ ಬದಿಯಲ್ಲಿ ಎರಡು ಬೆರಳು ಹಿಡಿಸುವಷ್ಟು ಕಂಡಿ ಕೊರೆದೆವು. ಮರುವಾರ ಅದರೊಳಗೆ ಹಲ್ಲಿಯೊಂದು ಮನೆ ಮಾಡಿತ್ತು. ಈಗ ಆ ಕಂಡಿಗೆ ಸೊಳ್ಳೆ ಪರದೆಯ ತುಂಡೊಂದನ್ನು ವೆಲ್ಕ್ರೋದಿಂದ ಅಂಟಿಸಿದ್ದೇವೆ.